ಕಾರ್ಬುರೇಟರ್ ಗಾಡಿಗೆ ಇಂಜೆಕ್ಷನ್ ಎಂಜಿನ್: ಕೊಡಗಿನ ರಸ್ತೆಗೆ ಯಾವ ದಾರಿ ಸರಿ?

ಸಂಪಾಜೆಯಿಂದ ಮಡಿಕೇರಿಗೆ ಹತ್ತುವ ಹಳೆಯ ಪೆಟ್ರೋಲ್ ಗಾಡಿ ಕೊಯನಾಡಿನವರೆಗೆ ಹುರುಪಿನಿಂದಲೇ ಎಳೆಯುತ್ತದೆ. ಜೋಡುಪಾಲ ಕಳೆದು ಮದೆನಾಡಿನ ತಿರುವುಗಳು ಬರುವ ಹೊತ್ತಿಗೆ ಎಂಜಿನ್ನಿನ ದನಿ ಮಂಕಾಗುತ್ತದೆ. ಹಿಂದೆ ಬರುವವರ ಮೂಗಿಗೆ ಹಸಿ ಪೆಟ್ರೋಲಿನ ವಾಸನೆ ಬಡಿಯುತ್ತದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದರೆ ತುದಿಗೆ ಮಸಿ ಹಿಡಿದಿರುತ್ತದೆ. ಗಾಡಿ ಕೆಟ್ಟಿಲ್ಲ, ಸುಮಾರು ಸಾವಿರ ಮೀಟರ್ ಮೇಲೇರಿದ್ದೇವೆ ಅಷ್ಟೆ. ಮಡಿಕೇರಿಯ ಗಾಳಿ ಕರಾವಳಿಯ ಗಾಳಿಗಿಂತ ನೂರಕ್ಕೆ ಹತ್ತರಷ್ಟು ತೆಳುವಾಗಿದೆ. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರಿನ ಜೆಟ್‌ಗೆ, ಅಂದರೆ ಪೆಟ್ರೋಲ್ ಬಿಡುವ ಸಣ್ಣ ತೂತಿಗೆ, ಅದು ತಿಳಿಯದು. ಗಾಳಿ ಕಡಿಮೆಯಾದಷ್ಟು ಪೆಟ್ರೋಲನ್ನು ಅದು ಕಡಿಮೆ ಮಾಡುವುದಿಲ್ಲ.

ಪೆಟ್ರೋಲನ್ನು ಅಳೆದು ಚಿಮುಕಿಸುವ ಫ್ಯುಯೆಲ್ ಇಂಜೆಕ್ಷನ್ ಇದ್ದರೆ ಈ ತೊಂದರೆ ಇಲ್ಲ. ಒಳಹೋಗುವ ಗಾಳಿಯ ಒತ್ತಡವನ್ನು ಒಂದು ಸಂವೇದಕ ಅಳೆಯುತ್ತದೆ, ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಇನ್ನೊಂದು ನೋಡುತ್ತದೆ, ಎಂಜಿನ್ನಿನ ಕಂಪ್ಯೂಟರಾದ ಇಸಿಯು ಅದಕ್ಕೆ ತಕ್ಕಂತೆ ಪೆಟ್ರೋಲ್ ಚಿಮುಕಿಸುವ ಇಂಜೆಕ್ಟರನ್ನು ತೆರೆಯುತ್ತದೆ. ಇಳಿಜಾರಿನಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಪೆಟ್ರೋಲನ್ನು ಪೂರ್ತಿ ನಿಲ್ಲಿಸಿಬಿಡುತ್ತದೆ. ಘಾಟಿ ಇಳಿಯುವುದೇ ದಿನಚರಿಯಾದ ಜಿಲ್ಲೆಯಲ್ಲಿ ಇದು ಸಣ್ಣ ಉಳಿತಾಯವಲ್ಲ. ಒಂದು ಮಾತನ್ನು ಮಾತ್ರ ಇಲ್ಲಿಯೇ ಹೇಳಬೇಕು: ತೆಳು ಗಾಳಿಯಿಂದ ಹೋದ ಬಲವನ್ನು ಇಂಜೆಕ್ಷನ್ ಮರಳಿ ತಂದುಕೊಡುವುದಿಲ್ಲ. ಮಿಶ್ರಣವನ್ನು ಸರಿಯಾಗಿ ಇಡುತ್ತದೆ, ಬೆಳಗಿನ ಚಳಿಯಲ್ಲಿ ಚೋಕ್ ಎಳೆಯದೆ ಗಾಡಿ ಎದ್ದೇಳುತ್ತದೆ. ನಮ್ಮ ಕಡೆ ಅದೇ ದೊಡ್ಡ ಲಾಭ.

ಹಳೆಯ ಗಾಡಿಗೆ ಇಂಜೆಕ್ಷನ್ ತರಲು ಮೂರು ದಾರಿಗಳಿವೆ: ಹೊಸ ಕ್ರೇಟ್ ಎಂಜಿನ್ ತರಿಸುವುದು, ಇರುವ ಎಂಜಿನ್ ಮೇಲೆ ಥ್ರಾಟಲ್ ಬಾಡಿ ಕಿಟ್ ಕೂರಿಸುವುದು, ಅದೇ ಕಂಪನಿಯ ಅದೇ ವಂಶದ, ಪ್ರತಿ ಸಿಲಿಂಡರಿಗೂ ಒಂದು ಇಂಜೆಕ್ಟರ್ ಇರುವ ಎಂಪಿಎಫ್‌ಐ ಎಂಜಿನ್ ಹುಡುಕಿ ಹಾಕುವುದು. ಇದ್ದ ಕಾರ್ಬುರೇಟರನ್ನೇ ನೆಟ್ಟಗೆ ಮಾಡಿಸಿಕೊಳ್ಳುವುದು ನಾಲ್ಕನೆಯದು. ಇವುಗಳಲ್ಲಿ ಆರಿಸುವಾಗ ಎಲ್ಲರೂ ಮೊದಲು ಕೇಳುವುದು ಅಶ್ವಶಕ್ತಿ ಎಷ್ಟೆಂದು. ನಾನು ಮೊದಲು ಕೇಳುವ ಪ್ರಶ್ನೆ ಬೇರೆ: ಜುಲೈ ತಿಂಗಳ ಮಳೆಯಲ್ಲಿ ನಾಪೋಕ್ಲಿನಿಂದ ಆಚೆ ಗಾಡಿ ನಿಂತರೆ, ಅದನ್ನು ಎಬ್ಬಿಸಲು ಯಾರು ಬರುತ್ತಾರೆ, ಅವರ ಬಳಿ ಯಾವ ಬಿಡಿಭಾಗ ಇರುತ್ತದೆ?

ಪೆಟ್ಟಿಗೆಯಲ್ಲಿ ಬರುವ ಎಂಜಿನ್

ಕ್ರೇಟ್ ಎಂಜಿನ್ ಎಂದರೆ ಕಾರ್ಖಾನೆಯಲ್ಲೋ ಪರಿಣತ ಎಂಜಿನ್ ತಯಾರಕರಲ್ಲೋ ಪೂರ್ತಿ ಜೋಡಿಸಿ, ಮರದ ಪೆಟ್ಟಿಗೆಯಲ್ಲಿ ಕಳಿಸುವ ಎಂಜಿನ್. ಅಮೆರಿಕದಲ್ಲಿ ಇದು ಹಳೆಯ, ನೆಲೆನಿಂತ ವ್ಯಾಪಾರ. ಷೆವ್ರೊಲೆಯ ಎಲ್‌ಎಸ್3 ಎಂಬುದು 6.2 ಲೀಟರಿನ ವಿ8 (ಎಂಟು ಸಿಲಿಂಡರಿನ ಎಂಜಿನ್), 430 ಅಶ್ವಶಕ್ತಿಯದು. ಫೋರ್ಡಿನವರು 5 ಲೀಟರಿನ ಕೊಯೋಟಿ ಎಂಜಿನ್ನನ್ನು ಹೀಗೆ ಮಾರುತ್ತಾರೆ. ಅರುವತ್ತು ಎಪ್ಪತ್ತರ ದಶಕದ ಕಾರ್ಬುರೇಟರ್ ಕಾರುಗಳಿಗೆ ಇವುಗಳನ್ನು ಹಾಕುವವರು ಅಲ್ಲಿ ಬೇಕಾದಷ್ಟು ಮಂದಿ. ಆ ಕಾರುಗಳಲ್ಲಿ ಮೊದಲೇ ವಿ8 ಇತ್ತು. ಬಾನೆಟ್ಟಿನಡಿ ಜಾಗವಿದೆ, ಮೌಂಟು, ಗೇರ್‌ಬಾಕ್ಸ್, ರೇಡಿಯೇಟರ್ ಎಲ್ಲವೂ ಅಂಗಡಿಯಲ್ಲಿ ಸಿಗುತ್ತವೆ.

ಪೆಟ್ಟಿಗೆಯೊಳಗೆ ಏನಿದೆ ಎಂಬುದನ್ನು ಅಲ್ಲಿಯವರೂ ಎಚ್ಚರಿಕೆಯಿಂದ ಓದಿ ಕೊಳ್ಳುತ್ತಾರೆ. ಶಾರ್ಟ್ ಬ್ಲಾಕ್ ಎಂದರೆ ಬ್ಲಾಕ್, ಕ್ರ್ಯಾಂಕ್, ಪಿಸ್ಟನ್ ಮಾತ್ರ. ಲಾಂಗ್ ಬ್ಲಾಕ್ ಎಂದರೆ ಅದರ ಮೇಲೆ ಸಿಲಿಂಡರ್ ಹೆಡ್ ಕೂಡ. ಇಂಜೆಕ್ಷನ್ ಎಂಜಿನ್ ಕೊಂಡೆ ಎಂದು ಖುಷಿಪಟ್ಟವನಿಗೆ ಇಸಿಯು, ವೈರಿಂಗ್, ಆಕ್ಸಿಲರೇಟರ್ ಪೆಡಲ್, ಪೆಟ್ರೋಲ್ ಪಂಪು ಬೇರೆಯಾಗಿ ಕೊಳ್ಳಬೇಕೆಂದು ಆಮೇಲೆ ಗೊತ್ತಾಗುವುದುಂಟು. ಷೆವ್ರೊಲೆ ಇ-ರಾಡ್ ಎಂಬ ಹೆಸರಿನಲ್ಲಿ ಕೊಡುವ ಪ್ಯಾಕೇಜಿನಲ್ಲಿ ಇಸಿಯು, ಹೊಗೆ ಶುದ್ಧಿಮಾಡುವ ಕ್ಯಾಟಲಿಟಿಕ್ ಕನ್ವರ್ಟರ್, ಆಮ್ಲಜನಕ ಸಂವೇದಕ ಎಲ್ಲ ಸೇರಿವೆ. ಹೊಗೆಯ ವಿಚಾರದಲ್ಲಿ ಬಹಳ ಕಟ್ಟುನಿಟ್ಟಾದ ಕ್ಯಾಲಿಫೋರ್ನಿಯಾ ಕೂಡ ಅದನ್ನು ಒಪ್ಪುತ್ತದೆ. ನನ್ನ ಮಟ್ಟಿಗೆ ಕ್ರೇಟ್ ಎಂಜಿನ್ನಿನ ನಿಜವಾದ ಗುಣ ಬಲದಲ್ಲಿಲ್ಲ, ಈ ಪೂರ್ಣತೆಯಲ್ಲಿದೆ. ಒಂದೇ ಕೈ ಜೋಡಿಸಿದ, ಒಂದಕ್ಕೊಂದು ಹೊಂದುವ ಭಾಗಗಳು, ಜೊತೆಗೆ ಲಿಖಿತ ಖಾತರಿ.

ಅದನ್ನು ಇಲ್ಲಿಗೆ ತಂದರೆ? ಎರಡನೆಯ ಮಹಾಯುದ್ಧದ ವಿಲ್ಲೀಸ್ ಜೀಪಿನ ಗೋ-ಡೆವಿಲ್ ಎಂಜಿನ್ 60 ಅಶ್ವಶಕ್ತಿಯದು. ಅದರ ಗೇರ್‌ಬಾಕ್ಸ್, ಆಕ್ಸಲ್, ಡ್ರಮ್ ಬ್ರೇಕುಗಳನ್ನು ಆ ಬಲಕ್ಕೆ ಅಳೆದು ಮಾಡಿದ್ದಾರೆ. ಅಲ್ಲಿ ಏಳು ಪಟ್ಟು ಬಲ ತುಂಬಿದರೆ ಮೊದಲು ಮುರಿಯುವುದು ಆಕ್ಸಲ್. ಅದಕ್ಕೂ ಮೊದಲು ಮುರಿಯಬಹುದಾದದ್ದು ಚಾಲಕನ ಧೈರ್ಯ. ಚಾಸಿಸ್ ಬಿಟ್ಟು ಉಳಿದದ್ದೆಲ್ಲ ಬದಲಾಗಬೇಕು. ಹಡಗಿನ ಬಾಡಿಗೆ, ಸುಂಕ ಸೇರಿದ ಮೇಲೆ ಬೆಲೆ ಅಲ್ಲಿಯ ಪಟ್ಟಿಯಲ್ಲಿ ಕಂಡಂತೆ ಉಳಿಯುವುದಿಲ್ಲ, ಖಾತರಿಯನ್ನು ಮಡಿಕೇರಿಯಲ್ಲಿ ಕೂತು ಪಡೆಯಲಾಗುವುದೂ ಇಲ್ಲ. ಸರ್ಕಾರಿ ರಸ್ತೆಗೆ ಇಳಿಯದೆ ಖಾಸಗಿ ಜಾಗದಲ್ಲಿ ಆಟೋಕ್ರಾಸಿಗೋ ಕೆಸರಿನ ಸ್ಪರ್ಧೆಗೋ ಗಾಡಿ ಕಟ್ಟುವವರು, ಹಿಂದೆ ಒಂದು ತಂಡ ಇಟ್ಟುಕೊಂಡವರು, ಇದನ್ನು ಯೋಚಿಸಲಿ. ತೋಟದ ಗಾಡಿಗೆ, ಮನೆಯ ಗಾಡಿಗೆ ಬೇಡ ಎಂದು ಸ್ಪಷ್ಟವಾಗಿ ಹೇಳುತ್ತೇನೆ.

ಥ್ರಾಟಲ್ ಬಾಡಿ ಕಿಟ್

ಕಾರ್ಬುರೇಟರ್ ತೆಗೆದು ಅದೇ ಜಾಗದಲ್ಲಿ ಇಂಜೆಕ್ಟರುಗಳಿರುವ ಥ್ರಾಟಲ್ ಬಾಡಿ (ಎಂಜಿನ್ನಿಗೆ ಗಾಳಿ ಬಿಡುವ ಬಾಯಿ) ಕೂರಿಸುವ ಕಿಟ್‌ಗಳಿವೆ. ಅಮೆರಿಕದ ಹಾಲಿ (Holley) ಕಂಪನಿಯ ಸ್ನೈಪರ್ ಇವುಗಳಲ್ಲಿ ಹೆಸರಾದದ್ದು. ಓಡಿಸುತ್ತಾ ಹೋದಂತೆ ತಾನೇ ಮಿಶ್ರಣ ಕಲಿತುಕೊಳ್ಳುತ್ತದೆ. ಎಂಜಿನ್ ಸಂಖ್ಯೆ ಬದಲಾಗುವುದಿಲ್ಲ ಎಂಬುದು ಇದರ ದೊಡ್ಡ ಅನುಕೂಲ.

ತೊಡಕು ಅಳತೆಯಲ್ಲಿದೆ. ಸಾಮಾನ್ಯವಾಗಿ ಸಿಗುವ ನಾಲ್ಕು ಬ್ಯಾರಲ್ಲಿನ, ಅಂದರೆ ನಾಲ್ಕು ಗಾಳಿದಾರಿಯ, ಸ್ನೈಪರ್ 650 ಅಶ್ವಶಕ್ತಿಯವರೆಗಿನ ಎಂಜಿನ್ನಿಗೆಂದು ಮಾಡಿದ್ದು. ಅಷ್ಟು ದೊಡ್ಡ ಇಂಜೆಕ್ಟರು ಸಣ್ಣ ನಾಲ್ಕು ಸಿಲಿಂಡರ್ ಎಂಜಿನ್ನಿನ ಐಡ್ಲಿಂಗಿಗೆ ಬೇಕಾದ ಹನಿಯನ್ನು ಅಳೆದು ಬಿಡಲಾರದು. ಹಾಗಾಗಿ ಒಂದು ಅಥವಾ ಎರಡು ಬ್ಯಾರಲ್ಲಿನ ಸಣ್ಣ ಕಿಟ್ ಹುಡುಕಬೇಕು, ಅದಕ್ಕೆ ಹೊಂದುವ ಅಡಾಪ್ಟರನ್ನು ಲೇತಿನಲ್ಲಿ ಮಾಡಿಸಬೇಕು. ಒತ್ತಡವೂ ಬೇರೆ. ಕಾರ್ಬುರೇಟರಿನ ಯಾಂತ್ರಿಕ ಪಂಪು ಕೊಡುವುದು ಕಾಲು ಬಾರ್ ಆಸುಪಾಸು. ಸ್ನೈಪರ್ ಕೇಳುವುದು ಸುಮಾರು ನಾಲ್ಕು ಬಾರ್. ಹಳೆಯ ರಬ್ಬರ್ ಪೈಪು, ತಿರುಗಿಸಿ ಬಿಗಿಯುವ ಹಳೆಯ ಕ್ಲಿಪ್ಪು ಆ ಒತ್ತಡಕ್ಕೆ ನಿಲ್ಲುವುದಿಲ್ಲ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಚಿಮ್ಮಿದರೆ ಏನಾಗುತ್ತದೆ ಎಂದು ವಿವರಿಸಬೇಕಾಗಿಲ್ಲ. ಇಂಜೆಕ್ಷನ್ನಿಗೆಂದೇ ಮಾಡಿದ ಪೈಪು, ಕ್ಲಾಂಪುಗಳನ್ನೇ ಹಾಕಬೇಕು. ಸಾಮಾನ್ಯವಾಗಿ ಟ್ಯಾಂಕಿಗೆ ಹಿಂದಿರುಗುವ ಇನ್ನೊಂದು ಪೈಪೂ ಬೇಕಾಗುತ್ತದೆ.

ಗಟ್ಟಿಮುಟ್ಟಾದ ಎಂಜಿನ್ ಇರುವ, ಆ ಎಂಜಿನ್ನನ್ನು ಬಿಟ್ಟುಕೊಡಲು ಮನಸ್ಸಿಲ್ಲದ, ವೈರಿಂಗ್ ಬಲ್ಲ ಮೆಕ್ಯಾನಿಕ್ ಕೈಗೆ ಸಿಗುವ ಮಾಲೀಕನಿಗೆ ಇದು ಹೊಂದುತ್ತದೆ. ಕಿಟ್‌ನ ಇಸಿಯು ಕೆಟ್ಟರೆ ವಿರಾಜಪೇಟೆಯ ಅಂಗಡಿಯಲ್ಲಿ ಅದು ಸಿಗುವುದಿಲ್ಲ ಎಂಬುದನ್ನು ಒಪ್ಪಿಕೊಂಡೇ ಕೈಹಾಕಬೇಕು.

ಅದೇ ವಂಶದ ಎಂಪಿಎಫ್‌ಐ ಎಂಜಿನ್

ಹೆಚ್ಚಿನವರಿಗೆ ನಾನು ಹೇಳುವುದು ಈ ದಾರಿಯನ್ನೇ. ಅದಕ್ಕೆ ಅತ್ಯುತ್ತಮ ಉದಾಹರಣೆ ಜಿಪ್ಸಿ.

ಮಾರುತಿ ಜಿಪ್ಸಿ 1985ರ ಕೊನೆಯಲ್ಲಿ ಬಂದಾಗ ಅದರಲ್ಲಿದ್ದದ್ದು 970 ಸಿಸಿಯ ಕಾರ್ಬುರೇಟರ್ ಎಂಜಿನ್, ನಾಲ್ಕು ಗೇರು. 1996ರಲ್ಲಿ ಬಂದ ಜಿಪ್ಸಿ ಕಿಂಗ್‌ಗೆ 1298 ಸಿಸಿಯ ಜಿ13 ಎಂಜಿನ್, ಐದು ಗೇರು. ಆಗಲೂ ಕಾರ್ಬುರೇಟರೇ, ಸುಮಾರು 60 ಅಶ್ವಶಕ್ತಿ. 2000ದಲ್ಲಿ ಹೊಗೆಯ ನಿಯಮ ಬಿಗಿಯಾದಾಗ ಅದೇ 1298 ಸಿಸಿಗೆ 16 ವಾಲ್ವಿನ ಹೆಡ್ಡು, ಎಂಪಿಎಫ್‌ಐ ಬಂದವು. ಬಲ 80ಕ್ಕೆ ಏರಿತು. ಸಿಸಿ ಅದೇ, ಬ್ಲಾಕಿನ ವಂಶ ಅದೇ, ಗಾಡಿ ಅದೇ. ಹೀಗಾಗಿ ಕಾರ್ಬುರೇಟರ್ ಕಿಂಗ್‌ನ ಮಾಲೀಕನಿಗೆ ಬೇಕಾದ ಪ್ರತಿಯೊಂದು ಭಾಗವನ್ನೂ ಮಾರುತಿಯೇ ಒಮ್ಮೆ ಅದೇ ಚಾಸಿಸ್ಸಿಗೆ ಕೂರಿಸಿ ಮಾರಿದೆ. ಯಾವುದನ್ನೂ ಊಹಿಸಿ ಮಾಡಬೇಕಿಲ್ಲ. ಕ್ರೇಟ್ ಎಂಜಿನ್ನಿನಲ್ಲಿ ನಾನು ಮೆಚ್ಚಿದ ಆ ಪೂರ್ಣತೆ ಇಲ್ಲಿಯೂ ಸಿಗುತ್ತದೆ, ಒಂದು ಷರತ್ತಿನ ಮೇಲೆ: ಎಂಜಿನ್ ಕೊಡುವ ದಾನಿ ಗಾಡಿಯಿಂದ ಎಲ್ಲವನ್ನೂ ಒಟ್ಟಿಗೆ ತರಬೇಕು.

ಎಲ್ಲವೂ ಎಂದರೆ ಎಂಜಿನ್, ಇನ್‌ಟೇಕ್ ಮ್ಯಾನಿಫೋಲ್ಡ್, ಥ್ರಾಟಲ್ ಬಾಡಿ, ಇಸಿಯು, ಎಂಜಿನ್ನಿನ ಪೂರ್ತಿ ವೈರಿಂಗ್, ಒಳಗೆ ಪಂಪು ಇರುವ ಪೆಟ್ರೋಲ್ ಟ್ಯಾಂಕು, ಆಮ್ಲಜನಕ ಸಂವೇದಕದ ಜಾಗವಿರುವ ಎಕ್ಸಾಸ್ಟ್ ಪೈಪು, ರಿಲೇಗಳು. ವೈರಿಂಗನ್ನು ಕತ್ತರಿಸದೆ, ಕನೆಕ್ಟರ್ ಕನೆಕ್ಟರ್ ಬಿಚ್ಚಿ, ಪ್ರತಿಯೊಂದಕ್ಕೂ ಚೀಟಿ ಕಟ್ಟಿ ತೆಗೆಯುವ ಮೆಕ್ಯಾನಿಕ್ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಕಳವು ತಡೆಯುವ ಇಮ್ಮೊಬಿಲೈಸರ್ ಇರುವ ಗಾಡಿಯ ಇಸಿಯು ಆದರೆ ಅದರ ಕೀಲಿ, ಇಮ್ಮೊಬಿಲೈಸರ್ ಘಟಕ ಮತ್ತು ಇಸಿಯು ಮೂರೂ ಒಂದೇ ಗಾಡಿಯವಾಗಿರಬೇಕು. ಇಲ್ಲದಿದ್ದರೆ ಎಷ್ಟು ಸೆಲ್ಫ್ ಹೊಡೆದರೂ ಎಂಜಿನ್ ಎದ್ದೇಳದು.

ಎಸ್ಟೀಮ್ ಕಾರಿನಲ್ಲೂ ಇದೇ 1298 ಸಿಸಿಯ ಎಂಪಿಎಫ್‌ಐ ಎಂಜಿನ್ ಇತ್ತು, ಬೆಲೆಯೂ ಕಡಿಮೆ. ಆದರೆ ಎಸ್ಟೀಮ್‌ನಲ್ಲಿ ಎಂಜಿನ್ ಅಡ್ಡಲಾಗಿ ಕೂತಿದೆ, ಜಿಪ್ಸಿಯಲ್ಲಿ ಉದ್ದಕ್ಕೆ. ಮ್ಯಾನಿಫೋಲ್ಡ್, ಆಯಿಲ್ ಸಂಪು, ಮೌಂಟು, ನೀರಿನ ಪೈಪುಗಳ ದಿಕ್ಕು ಎಲ್ಲ ಹೊಂದಿಸಿಕೊಳ್ಳಬೇಕು. ಅನುಭವವಿರುವ ಗ್ಯಾರೇಜಾದರೆ ಸರಿ. 970 ಸಿಸಿಯ ಮೊದಲ ಜಿಪ್ಸಿಗೆ ಹಾಕುವುದಾದರೆ ಎಂಜಿನ್ ಜೊತೆಗೆ ಕಿಂಗ್‌ನ ಐದು ಗೇರಿನ ಗೇರ್‌ಬಾಕ್ಸನ್ನೂ ಜೋಡಿಯಾಗಿಯೇ ತನ್ನಿ, ಬ್ರೇಕುಗಳನ್ನೂ ಮೇಲ್ದರ್ಜೆಗೆ ಏರಿಸಿ.

ಮಾರುತಿ 800 ಮತ್ತು ಓಮ್ನಿಗಳಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಎರಡರಲ್ಲೂ 796 ಸಿಸಿಯೇ ಕಾರ್ಬುರೇಟರಿನಿಂದ ಎಂಪಿಎಫ್‌ಐಗೆ ಬದಲಾಯಿತು. 1.8 ಲೀಟರಿನ ಇಸುಜು ಎಂಜಿನ್ ಇರುವ ಅಂಬಾಸಿಡರ್‌ಗೂ ಮುಂದೆ ಎಂಪಿಎಫ್‌ಐ ಬಂದದ್ದರಿಂದ ಬಾಗಿಲು ತೆರೆದಿದೆ. ಪ್ರೀಮಿಯರ್ ಪದ್ಮಿನಿಯ 1089 ಸಿಸಿಗೆ ಅಂಥ ತಮ್ಮನಿಲ್ಲ, ಹಳೆಯ ವಿಲ್ಲೀಸಿಗೂ ಇಲ್ಲ.

ಹಳೆಯ ಎಂಜಿನ್ ಕೊಳ್ಳುವಾಗ ಹೊರಗಿನ ಹೊಳಪು ನೋಡಬೇಡಿ. ಡೀಸೆಲ್ ಹಚ್ಚಿ ಒರೆಸಿದರೆ ಎಂಥ ಬ್ಲಾಕೂ ಮಿಂಚುತ್ತದೆ. ಪ್ರತಿ ಸಿಲಿಂಡರಿನ ಕಂಪ್ರೆಷನ್ ಅಳೆಸಿ. ನಾಲ್ಕೂ ಒಂದಕ್ಕೊಂದು ಹತ್ತಿರ ಇರಬೇಕು. ಆಯಿಲ್ ಮುಚ್ಚಳದ ಒಳಗೆ ಹಾಲು ಬೆರೆಸಿದ ಕಾಫಿಯ ಬಣ್ಣದ ಪೇಸ್ಟು ಕಂಡರೆ ಆಯಿಲಿಗೆ ನೀರು ಸೇರುತ್ತಿದೆ ಎಂದರ್ಥ. ಹೆಡ್ ಗ್ಯಾಸ್ಕೆಟ್ ಸಂಶಯಿಸಿ ಹಿಂದೆ ಸರಿಯಿರಿ. ತಂದ ಮೇಲೆ ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ಆಯಿಲ್ ಸೀಲುಗಳನ್ನು ಎಂಜಿನ್ ಹೊರಗಿರುವಾಗಲೇ ಬದಲಿಸಿಬಿಡಿ.

ವೈರು, ಇಲಿ, ನೀರು

ಇಂಜೆಕ್ಷನ್ ಗಾಡಿ ನಿಂತರೆ ಬಹುಪಾಲು ತಪ್ಪು ವಿದ್ಯುತ್ತಿನದ್ದೇ ಆಗಿರುತ್ತದೆ. ಹಳೆಯ ಜೀಪು, ಪದ್ಮಿನಿಗಳಲ್ಲಿ ಡೈನಮೋ ಇದ್ದರೆ ಅದನ್ನು ತೆಗೆದು ಆಲ್ಟರ್ನೇಟರ್ ಹಾಕಬೇಕು. ಪಂಪು, ಇಸಿಯು, ಇಂಜೆಕ್ಟರುಗಳಿಗೆ ಮಂಜಿನಲ್ಲಿ ಹೆಡ್‌ಲೈಟು, ವೈಪರು ಓಡುವಾಗಲೂ ಸ್ಥಿರವಾದ ವೋಲ್ಟೇಜ್ ಬೇಕು. ಎಂಜಿನ್, ಚಾಸಿಸ್, ಬ್ಯಾಟರಿ ಮೂರನ್ನೂ ದಪ್ಪ ಅರ್ಥಿಂಗ್ ಪಟ್ಟಿಯಿಂದ ಬೆಸೆಯಿರಿ. ನಮ್ಮ ತೇವದಲ್ಲಿ ಅರ್ಥಿಂಗ್ ಬೋಲ್ಟಿನ ಕೆಳಗೆ ತುಕ್ಕು ಕೂತರೆ ಸಾಕು, ಇಸಿಯು ತಲೆಕೆಟ್ಟಂತೆ ವರ್ತಿಸುತ್ತದೆ, ಮಾಲೀಕ ಸುಮ್ಮನೆ ಸಂವೇದಕಗಳನ್ನು ಬದಲಿಸುತ್ತಾ ಹೋಗುತ್ತಾನೆ.

ಇಲಿಯನ್ನು ಯಾವ ಕೈಪಿಡಿಯೂ ಹೇಳುವುದಿಲ್ಲ. ಮಳೆಗಾಲದಲ್ಲಿ ಶೆಡ್ಡಿನಲ್ಲಿ ನಿಂತ ಗಾಡಿಯ ಬಾನೆಟ್ಟಿನಡಿ ಬೆಚ್ಚಗಿನ ಜಾಗ ಹುಡುಕಿ ಬರುವ ಇಲಿಗೆ ಇಂಜೆಕ್ಟರಿನ ತೆಳು ವೈರು ಸುಲಭದ ತುತ್ತು. ವೈರಿಂಗನ್ನು ಗಟ್ಟಿ ಕೊಳವೆಯೊಳಗೆ ಹಾಯಿಸಿ. ಭತ್ತದ ಚೀಲ, ಕಾಳುಮೆಣಸಿನ ಗೋಣಿಗಳ ಪಕ್ಕ ಗಾಡಿ ನಿಲ್ಲಿಸಬೇಡಿ, ವಾರಕ್ಕೊಮ್ಮೆ ಬಾನೆಟ್ ಎತ್ತಿ ನೋಡಿ. ಇಸಿಯುವನ್ನು ಸೀಟಿನ ಕೆಳಗೆ ಇಡದೆ ಡ್ಯಾಶ್‌ಬೋರ್ಡಿನ ಹಿಂದೆ ಎತ್ತರದಲ್ಲಿ ಇಡಿ, ಹೊಳೆ ದಾಟುವ ಗಾಡಿಯಾದರಂತೂ ಇದು ಕಡ್ಡಾಯ. ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಗಾಡಿಯನ್ನು ಮಾರ್ಚಿನ ಬಿಸಿಲಲ್ಲಿ ಸಿಲ್ವರ್ ಓಕಿನ ಒಣ ತರಗೆಲೆಯ ಮೇಲೆ ನಿಲ್ಲಿಸಬಾರದು. ಆ ಡಬ್ಬಿ ಬೆಂಕಿ ಹೊತ್ತಿಸುವಷ್ಟು ಕಾಯುತ್ತದೆ.

ಟ್ಯಾಂಕಿನ ವಿಷಯವೂ ಹೀಗೆಯೇ. ಮಾಂದಲಪಟ್ಟಿಯ ಏರಿನಂಥ ಕಡೆ ಅರ್ಧ ಖಾಲಿ ಟ್ಯಾಂಕಿನ ಪೆಟ್ರೋಲೆಲ್ಲ ಹಿಂದಕ್ಕೆ ಸರಿಯುತ್ತದೆ. ಒಳಗೆ ತಡೆತಟ್ಟೆ ಇಲ್ಲದ ಹಳೆಯ ಟ್ಯಾಂಕಿಗೆ ಇಂಜೆಕ್ಷನ್ ಪಂಪು ಜೋಡಿಸಿದರೆ ಪಂಪು ಗಾಳಿ ಹೀರಿ ಎಂಜಿನ್ ಉಗ್ಗುತ್ತದೆ. ಕಾರ್ಬುರೇಟರಾದರೆ ಅದರ ಪುಟ್ಟ ಬಟ್ಟಲಿನ ಪೆಟ್ರೋಲ್ ಸ್ವಲ್ಪ ಹೊತ್ತು ಎಂಜಿನ್ನನ್ನು ಓಡಿಸುತ್ತದೆ, ಆದರೆ ತೀರಾ ವಾಲಿದಾಗ ಬಟ್ಟಲಿನ ಮಟ್ಟ ನೋಡಿಕೊಳ್ಳುವ ಫ್ಲೋಟೇ ದಾರಿತಪ್ಪಿ ಪೆಟ್ರೋಲ್ ಉಕ್ಕುತ್ತದೆ. ಒಳಗೆ ಪಂಪು ಇರುವ ಟ್ಯಾಂಕನ್ನೂ ದಾನಿ ಗಾಡಿಯಿಂದಲೇ ತರಬೇಕೆಂದು ಮೇಲೆ ಹೇಳಿದ್ದು ಇದಕ್ಕೇ.

ಕಾರ್ಬುರೇಟರನ್ನೇ ಉಳಿಸುವುದು

ಪದ್ಮಿನಿಗೂ ಮೂಲರೂಪದಲ್ಲಿರುವ ವಿಲ್ಲೀಸಿಗೂ ನನ್ನ ಆಯ್ಕೆ ಇದೇ, ಮತ್ತು ಇದನ್ನು ಸೋಲೆಂದು ನಾನು ಎಣಿಸುವುದಿಲ್ಲ. ಮಳೆಗಾಲವಿಡೀ ನಿಂತಿದ್ದ ಗಾಡಿಯ ಕಾರ್ಬುರೇಟರ್ ಬಿಚ್ಚಿ ನೋಡಿ: ಬಟ್ಟಲಿನ ತಳದಲ್ಲಿ ಅಂಟಾದ ಕಂದು ಪದರ, ಅಲ್ಯೂಮಿನಿಯಂ ಮೇಲೆ ಬಿಳಿ ಪುಡಿ, ಹಿತ್ತಾಳೆಯ ಜೆಟ್ಟಿನ ಕಣ್ಣಿನಲ್ಲಿ ಹಸಿರು ಕಿಲುಬು. ಎಥೆನಾಲ್ ಬೆರೆತ ಪೆಟ್ರೋಲ್ ಗಾಳಿಯ ತೇವವನ್ನು ಹೀರಿ ಮಾಡುವ ಕೆಲಸ ಇದು. ಈಗ ಬಂಕುಗಳಲ್ಲಿ ಸಿಗುವುದು ಶೇಕಡಾ 20ರವರೆಗೆ ಎಥೆನಾಲ್ ಇರುವ ಪೆಟ್ರೋಲ್. ಹಳೆಯ ರಬ್ಬರ್ ಪೈಪು, ಪಂಪಿನ ಡಯಾಫ್ರಮ್, ನೀಡಲ್ಲಿನ ತುದಿ ಅದಕ್ಕೆ ಊದಿಕೊಳ್ಳುತ್ತವೆ. ಎಥೆನಾಲ್ ತಡೆಯುವ ರಬ್ಬರಿನ ಭಾಗಗಳನ್ನು ಹಾಕಿಸಿ, ತಿಂಗಳುಗಟ್ಟಲೆ ನಿಲ್ಲಿಸುವ ಮೊದಲು ಬಟ್ಟಲು ಖಾಲಿ ಮಾಡಿ.

ಜೆಟ್ ಬದಲಿಸುವಾಗ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಎತ್ತರದ ಗಾಳಿ ಮಿಶ್ರಣವನ್ನು ಗಾಢವಾಗಿಸುತ್ತದೆ (ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಹೆಚ್ಚು), ಎಥೆನಾಲ್ ಅದನ್ನು ತೆಳುವಾಗಿಸುತ್ತದೆ. ಮಡಿಕೇರಿಯಲ್ಲಿ ಇವೆರಡೂ ಒಂದನ್ನೊಂದು ಕೊಂಚ ಸರಿದೂಗಿಸುತ್ತವೆ. ಎತ್ತರವೆಂದು ಸಣ್ಣ ಜೆಟ್ ಹಾಕಿಬಿಟ್ಟರೆ, ಸುಳ್ಯಕ್ಕೆ ಇಳಿದಾಗ ಮಿಶ್ರಣ ಅಪಾಯಕಾರಿಯಾಗಿ ತೆಳುವಾಗಿ ವಾಲ್ವು ಸುಡಬಹುದು. ಪ್ಲಗ್ಗಿನ ಬಣ್ಣ ನೋಡಿಯೇ ನಿರ್ಧರಿಸಿ. ಸೀಸದ ಪೆಟ್ರೋಲ್ ದೇಶದಲ್ಲಿ 2000ದ ಫೆಬ್ರುವರಿಗೆ ಕೊನೆಗೊಂಡಿತು. ಅದಕ್ಕೂ ಹಿಂದಿನ ಎಂಜಿನ್ನಿನ ಹೆಡ್ ಬಿಚ್ಚಿದಾಗ ಗಟ್ಟಿ ಲೋಹದ ವಾಲ್ವ್ ಸೀಟು ಹಾಕಿಸುವುದು ಲೇಸು. ಪ್ಲಗ್ಗಿಗೆ ಕಿಡಿ ಕೊಡಿಸುವ ಹಳೆಯ ಪಾಯಿಂಟಿನ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿದರೆ ತೇವದ ಬೆಳಗಿನಲ್ಲಿ ಅರ್ಧ ತಲೆನೋವು ಇಳಿಯುತ್ತದೆ. ಡಿಸ್ಟ್ರಿಬ್ಯೂಟರ್ ಕ್ಯಾಪಿನೊಳಗೆ ಬೆವರು ಕೂರದಂತೆ ಮಾತ್ರ ಆಗಲೂ ನೋಡಿಕೊಳ್ಳಬೇಕು.

ಕಾಗದ ಪತ್ರ

ಎಂಜಿನ್ ಸಂಖ್ಯೆ ಆರ್‌ಸಿಯಲ್ಲಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಗಳಿಗೆ ಆರ್‌ಸಿ ಹೊಂದದಂತೆ ಗಾಡಿಯನ್ನು ಬದಲಿಸುವಂತಿಲ್ಲ. ಮಾಡಿದ ಬದಲಾವಣೆಯನ್ನು 14 ದಿನಗಳೊಳಗೆ ನೋಂದಣಿ ಅಧಿಕಾರಿಗೆ ತಿಳಿಸಬೇಕು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಎತ್ತಿಹಿಡಿಯಿತು. ಅಮೆರಿಕದ ವಿ8 ಹಾಕಿದ ಜೀಪಿಗೆ ಇಲ್ಲಿ ದಾರಿಯೇ ಇಲ್ಲ ಎನ್ನಬಹುದು. ಅದೇ ತಯಾರಕರ, ಅದೇ ಸಿಸಿಯ, ಅದೇ ಇಂಧನದ ಎಂಜಿನ್ ಆದರೆ ಅರ್ಜಿ ಹಿಡಿದು ಮಾತಾಡಲು ನಿಮಗೆ ನೆಲೆಯಿದೆ. ಜಿಪ್ಸಿ ಕಿಂಗನ್ನು ನಾನು ಮತ್ತೆ ಮತ್ತೆ ಹೇಳಲು ಇದೂ ಒಂದು ಕಾರಣ.

ಎಂಜಿನ್ ಬಿಚ್ಚುವ ಮೊದಲೇ ಮಡಿಕೇರಿಯ ಆರ್‌ಟಿಒ ಕಚೇರಿಗೆ ಲಿಖಿತ ಅರ್ಜಿ ಕೊಟ್ಟು ಅನುಮತಿ ಪಡೆಯಿರಿ. ಮಾರುವವನಿಂದ ಎಂಜಿನ್ ಸಂಖ್ಯೆ ನಮೂದಿಸಿದ ಬಿಲ್ಲು, ದಾನಿ ಗಾಡಿಯ ಆರ್‌ಸಿ ಪ್ರತಿ, ಅದನ್ನು ಗುಜರಿಗೆ ಹಾಕಿದ ದಾಖಲೆ ಇಲ್ಲದೆ ಹಣ ಕೊಡಬೇಡಿ. ಕಳವಿನ ಎಂಜಿನ್ ಮನೆಗೆ ಬಂದರೆ ಗಾಡಿಯೊಡನೆ ನೀವೂ ಠಾಣೆ ಸುತ್ತಬೇಕಾಗುತ್ತದೆ. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿ ನವೀಕರಣ ಹತ್ತಿರವಿದ್ದರೆ ಮೊದಲು ಅದನ್ನು ಮುಗಿಸಿಕೊಳ್ಳಿ. ಐವತ್ತು ವರ್ಷ ಮೀರಿದ ಗಾಡಿ ನಿಮ್ಮದಾದರೆ ಇನ್ನೂ ಯೋಚಿಸಿ: 2021ರ ನಿಯಮದಂತೆ ವಿಂಟೇಜ್ ನೋಂದಣಿ ಸಿಗುವುದು ಮೂಲರೂಪ ಉಳಿಸಿಕೊಂಡ ಗಾಡಿಗೆ. ಅಜ್ಜನ ಕಾಲದ ಜೀಪಿನ ಎಂಜಿನ್ ತೆಗೆದು ಗುಜರಿಗೆ ಹಾಕಿದವರಿಗೆ ಆ ಬಾಗಿಲು ಮುಚ್ಚುತ್ತದೆ. ಬದಲಿಸಲೇಬೇಕೆಂದಿದ್ದರೂ ಹಳೆಯ ಎಂಜಿನ್ನಿಗೆ ಆಯಿಲ್ ತುಂಬಿ, ಬಾಯಿ ಮುಚ್ಚಿ, ಅಟ್ಟಣಿಗೆಯ ಮೇಲೆ ಒಣ ಜಾಗದಲ್ಲಿ ಇಟ್ಟುಕೊಳ್ಳಿ.

ಹಣ ಮತ್ತು ಹೊತ್ತು

ಎಂಜಿನ್ನಿಗೆ ಕೊಡುವಷ್ಟೇ ಹಣವನ್ನು ಉಳಿದ ಕೆಲಸಕ್ಕೆ ತೆಗೆದಿಡಿ: ಟ್ಯಾಂಕು, ಪೈಪು, ರೇಡಿಯೇಟರ್, ಕ್ಲಚ್ಚು, ಬ್ರೇಕು, ಮಜೂರಿ. ಕೈಯಲ್ಲಿ ಅಷ್ಟಿಲ್ಲದಿದ್ದರೆ ಕಾರ್ಬುರೇಟರ್ ಸರಿ ಮಾಡಿಸಿ, ಬ್ರೇಕು ಮತ್ತು ವೈರಿಂಗನ್ನು ಈ ವರ್ಷ ಮುಗಿಸಿ. ಮುಂದೆ ಎಂಜಿನ್ ಬದಲಿಸಿದಾಗ ಆ ಖರ್ಚು ವ್ಯರ್ಥವಾಗುವುದಿಲ್ಲ.

ಕೆಲಸಕ್ಕೆ ಸರಿಯಾದ ಕಾಲ ಕೊಡಗಿನ ಕೈಲ್ ಮುಹೂರ್ತ ಹಬ್ಬ ಕಳೆದು ಮಳೆ ಇಳಿಯುವ ಸೆಪ್ಟೆಂಬರ್, ಅಕ್ಟೋಬರ್. ಅರೇಬಿಕಾ ಕೊಯ್ಲು ಶುರುವಾದ ಮೇಲೆ ಗಾಡಿಯನ್ನು ಗ್ಯಾರೇಜಿನಲ್ಲಿ ಬಿಡಲು ಯಾರಿಗೂ ಮನಸ್ಸಾಗದು, ಅವಸರದಲ್ಲಿ ಮುಗಿಸಿದ ವೈರಿಂಗ್ ಮುಂದಿನ ಮಳೆಗೆ ಕೈಕೊಡುತ್ತದೆ. ಕೆಲಸ ಮುಗಿದ ದಿನ ಗಾಡಿಯನ್ನು ಸೀದಾ ಮನೆಗೆ ಒಯ್ಯಬೇಡಿ. ಮೆಕ್ಯಾನಿಕನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಮ್ಮೆ ಕುಶಾಲನಗರಕ್ಕೆ ಇಳಿದು ಹತ್ತಿ, ಬಿಸಿ ಎಂಜಿನ್ ಆರಿಸಿ ಕಾಲು ಗಂಟೆ ಬಿಟ್ಟು ಮತ್ತೆ ಎಬ್ಬಿಸಿ, ಪೈಪಿನ ಪ್ರತಿ ಜೋಡಣೆಯನ್ನೂ ಒಣ ಬಟ್ಟೆಯಿಂದ ಒರೆಸಿ ಮೂಸಿ ನೋಡಿ. ಪೆಟ್ರೋಲಿನ ವಾಸನೆ ಚೂರು ಬಂದರೂ ಗಾಡಿ ಅಂದು ರಾತ್ರಿ ಗ್ಯಾರೇಜಿನಲ್ಲೇ ಉಳಿಯಲಿ.